ಸಹಾಯ ಬೇಕು: ಯೆರೆಮೀಯ 29:11ನ್ನು ಸಂದರ್ಭದೊಳಗಿಟ್ಟು ಕಲಿಸುವುದು ಹೇಗೆ?

ಎಲ್ಲರಿಗೂ ವಂದನೆಗಳು. ನಮ್ಮ ಸಭೆಯ ಯುವಜನರ ಸತ್ಯವೇದ ಅಧ್ಯಯನದಲ್ಲಿ ಮುಂದಿನ ವಾರ ಯೆರೆಮೀಯ 29ನೆಯ ಅಧ್ಯಾಯವನ್ನು ನಡೆಸಬೇಕಾಗಿದ್ದು, ಬಲ್ಲವರ ಮಾರ್ಗದರ್ಶನ ಕೋರುತ್ತಿದ್ದೇನೆ. ನಿಮ್ಮ ಕುರಿತು ನನಗಿರುವುದು ಕೇಡಿನ ಯೋಚನೆಗಳಲ್ಲ, ಹಿತದ ಯೋಚನೆಗಳೇ; ನಿಮಗೆ ಭವಿಷ್ಯವನ್ನೂ ನಿರೀಕ್ಷೆಯನ್ನೂ ಕೊಡುವೆನು ಎಂದು ದೇವರು ಹೇಳುವ ಹನ್ನೊಂದನೆಯ ವಚನವು ಪರೀಕ್ಷೆಯ ಶುಭಾಶಯ ಪತ್ರಗಳಲ್ಲಿ, ಗೋಡೆಯ ಕ್ಯಾಲೆಂಡರುಗಳಲ್ಲಿ ಒಂಟಿಯಾಗಿಯೇ ಅಚ್ಚಾಗುವುದರಿಂದ, ಅದನ್ನು ತಮ್ಮ ಅಂಕಪಟ್ಟಿಗೂ ನೌಕರಿಗೂ ಕೊಟ್ಟ ಖಾತರಿ ಎಂದೇ ಹಲವರು ಓದುತ್ತಾರೆ.

ಆದರೆ ಅದು ಕ್ರಿ.ಪೂ. 597ರಲ್ಲಿ ಬಾಬೆಲಿನ ಅರಸನಾದ ನೆಬೂಕದ್ನೆಚ್ಚರನು ಯೆರೂಸಲೇಮಿನಿಂದ ಬಾಬೆಲಿಗೆ ಸೆರೆಯೊಯ್ದ ಜನರಿಗೆ ಪ್ರವಾದಿ ಯೆರೆಮೀಯನು ಬರೆದ ಪತ್ರದ ಭಾಗ. ಅಲ್ಲೇ ಮನೆ ಕಟ್ಟಿ, ತೋಟ ಮಾಡಿ, ಮಕ್ಕಳಿಗೆ ಮದುವೆ ಮಾಡಿಸಿ, ತಮ್ಮನ್ನು ಸೆರೆಯಲ್ಲಿಟ್ಟ ಆ ಪಟ್ಟಣದ ಕ್ಷೇಮಕ್ಕಾಗಿಯೇ ಪ್ರಾರ್ಥಿಸಬೇಕೆಂದು ಹೇಳಿದ ಮೇಲೆ, ಬಿಡುಗಡೆ ಬರುವುದು ಎಪ್ಪತ್ತು ವರ್ಷ ತುಂಬಿದ ನಂತರ ಎಂದು ಹತ್ತನೆಯ ವಚನ ತಿಳಿಸುತ್ತದೆ; ಅಂದರೆ ಪತ್ರವನ್ನು ಕೇಳಿಸಿಕೊಂಡ ಹಿರಿಯರಲ್ಲಿ ಹೆಚ್ಚಿನವರು ಆ ದಿನವನ್ನು ಕಣ್ಣಾರೆ ಕಾಣುವಂತಿರಲಿಲ್ಲ. ಹಿಂದಿನ ಅಧ್ಯಾಯದಲ್ಲಿ ಹನನ್ಯನೆಂಬ ಸುಳ್ಳು ಪ್ರವಾದಿಯು ಎರಡೇ ವರ್ಷದಲ್ಲಿ ಬಿಡುಗಡೆ ಎಂದು ಸಾರಿದ್ದನು. (ಕಿವಿಗೆ ಇಂಪಾಗಿದ್ದದ್ದು ಅವನ ಮಾತೇ ಎಂಬುದನ್ನೂ ಯುವಜನರು ಗಮನಿಸಬೇಕು.)

ನನ್ನ ತೊಡಕು ಇಷ್ಟೇ: ಇದು ಒಂದು ಜನಾಂಗಕ್ಕೆ, ಒಂದು ಕಾಲಕ್ಕೆ ಬಂದ ವಾಗ್ದಾನ ಎಂದು ಸ್ಪಷ್ಟಪಡಿಸಿದ ಕೂಡಲೇ, ಹಾಗಾದರೆ ನಮಗೆ ಇದರಲ್ಲಿ ಏನೂ ಇಲ್ಲವೇ ಎಂಬ ಪ್ರಶ್ನೆ ಬರುತ್ತದೆ. ದೇವರ ಸ್ವಭಾವದ ಬಗ್ಗೆ ಇಂದಿನ ಓದುಗರು ಇಲ್ಲಿಂದ ಎಷ್ಟನ್ನು ತೆಗೆದುಕೊಳ್ಳಬಹುದು, ಎಲ್ಲಿ ನಿಲ್ಲಬೇಕು ಎಂಬುದನ್ನು ನೀವು ಹೇಗೆ ವಿವರಿಸುತ್ತೀರಿ? ಎರಡೂ ಅಧ್ಯಾಯಗಳನ್ನು ಒಟ್ಟಿಗೆ ಓದಿಸಿದ ಅನುಭವವುಳ್ಳವರು ದಯವಿಟ್ಟು ಬರೆಯಿರಿ. ಕನ್ನಡದಲ್ಲಿ ಸರಳವಾದ ವ್ಯಾಖ್ಯಾನವಿದ್ದರೆ ಅದನ್ನೂ ಸೂಚಿಸಬೇಕಾಗಿ ವಿನಂತಿ.