ಆರು ವರ್ಷದಿಂದ ಕೆಲಸ ನಿಂತುಹೋದ ಅಪ್ಪನ ಬೆಂಜ್ ಲಾರಿ, ಮತ್ತೆ ಎಲ್ಲಿಂದ ಶುರು ಮಾಡಲಿ?

ಆಳಂದ_ರೋಡ್:

ನಮಸ್ಕಾರ ಎಲ್ಲರಿಗೂ. 2018ರಲ್ಲಿ ಒಂದು ಮೂತಿ ಲಾರಿ (ಎಂಜಿನ್ ಕ್ಯಾಬಿನ್ನಿನ ಮುಂದೆ ಚಾಚಿಕೊಂಡಿರುವ ಹಳೇ ಥರದ್ದು) ಬಿಚ್ಚಲು ಶುರು ಮಾಡಿ, ಇಲ್ಲಿ ದಿನಕ್ಕೆ ನಾಲ್ಕು ಫೋಟೊ ಹಾಕಿ, ಮುಂದಿನ ದಸರಾಕ್ಕೆ ರೋಡಿಗೆ ಇಳಿಸುತ್ತೇನೆ ಅಂತ ಜಂಬ ಕೊಚ್ಚಿಕೊಂಡವನು ನಾನೇ. ಆ ದಸರಾ ಬಂತು, ಹೋಯ್ತು. ಅದಾದ ಮೇಲೆ ಎಷ್ಟು ದಸರಾ ಹೋದವೋ ಲೆಕ್ಕ ಇಟ್ಟಿಲ್ಲ.

ಗಾಡಿ 1968ರ ಟಾಟಾ ಮರ್ಸಿಡಿಸ್ ಬೆಂಜ್ 1210. ನಮ್ಮ ಕಡೆ ಬರೀ ಬೆಂಜ್ ಅಂತಾರೆ. ಅಪ್ಪ 1979ರಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡದ್ದು. ಶಹಾಬಾದಿನಿಂದ ಫರ್ಸಿ ಕಲ್ಲು, ವಾಡಿಯಿಂದ ಸಿಮೆಂಟು, ಸುಗ್ಗಿಯಲ್ಲಿ ತೊಗರಿ. ಹೈದರಾಬಾದು, ಸೊಲ್ಲಾಪುರ ಅವರಿಗೆ ಅಂಗಳ ಇದ್ದ ಹಾಗೆ. 1996ರಲ್ಲಿ ಹೊಲದ ಶೆಡ್ಡಿನಲ್ಲಿ ನಿಲ್ಲಿಸಿದರು. ನಾನು ಬಿಚ್ಚಲು ಶುರು ಮಾಡಿದಾಗ ಪಕ್ಕದಲ್ಲಿ ಬೇವಿನ ಗಿಡದ ಕೆಳಗೆ ಹೊರಸು ಹಾಕಿಕೊಂಡು ಕೂತು, "ಅದನ್ನ ಮೊದಲು ಬಿಚ್ಚಬೇಡ, ಇದನ್ನ ಬಿಚ್ಚು" ಅಂತ ಬೈಯುತ್ತಿದ್ದರು. ಕ್ಯಾಬಿನ್ ಇಳಿಸಿದೆವು, ರೇಡಿಯೇಟರ್ ತೆಗೆದೆವು, ಡೀಸೆಲ್ ಟ್ಯಾಂಕ್ ತೆಗೆದೆವು.

2019ರಲ್ಲಿ ಅವರ ಕಿಡ್ನಿ ಕೈಕೊಟ್ಟಿತು. ವಾರಕ್ಕೆ ಮೂರು ದಿನ ಡಯಾಲಿಸಿಸ್. ನಸುಕಿನಲ್ಲಿ ರೊಟ್ಟಿ ಕಟ್ಟಿಕೊಂಡು ಕಲಬುರಗಿಗೆ ಹೋದರೆ ಬರುವುದು ಕತ್ತಲಾದ ಮೇಲೆ. ಆಮೇಲೆ ಲಾಕ್‌ಡೌನ್ ಬಂತು. ಆ ತಿಂಗಳುಗಳಲ್ಲಿ ಅವರನ್ನು ಹೇಗೆ ಕರೆದುಕೊಂಡು ಹೋಗಿ ಬಂದೆವು ಅಂತ ಈಗ ನೆನೆಸಿಕೊಂಡರೆ ನನಗೇ ನಂಬಿಕೆ ಬರುವುದಿಲ್ಲ. ಒಂದು ವಾರ ಕೈಯಲ್ಲಿ ಏನೂ ಇಲ್ಲದಾಗ ಆರು ಟೈರು ಡಿಸ್ಕ್ ಸಮೇತ ಮಾರಿದೆ. ಅಪ್ಪನಿಗೆ ಹೇಳಲಿಲ್ಲ. ಶೆಡ್ಡಿನವರೆಗೆ ನಡೆಯುವ ಶಕ್ತಿ ಅವರಿಗೆ ಇರಲಿಲ್ಲ, ಹಾಗಾಗಿ ಗೊತ್ತಾಗಲಿಲ್ಲ ಅಂದುಕೊಂಡಿದ್ದೇನೆ. 2021ರಲ್ಲಿ ಹೋದರು. ಅಲ್ಲಿಂದ ಈಚೆಗೆ ಸಾಲ ತೀರಿಸುವುದು, ತಂಗಿಯ ಮದುವೆ. ಈ ಸಲ ತೊಗರಿ ಮಾರಿದ ಮೇಲೆ ಮೊದಲ ಬಾರಿಗೆ ಕೈಯಲ್ಲಿ ಸ್ವಲ್ಪ ದುಡ್ಡು ಉಳಿದಿದೆ.

ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ಅವ್ವನಿಗೆ ತೊಗರಿ ಚೀಲ ಇಡಲು ಆ ಶೆಡ್ ಬೇಕು. ತಮ್ಮ ಗುಜರಿಯವನನ್ನು ಒಮ್ಮೆ ಕರೆದುಕೊಂಡು ಬಂದು ತೋರಿಸಿಯೂ ಆಗಿದೆ, ಕೆಜಿ ಲೆಕ್ಕದಲ್ಲಿ. ನಾನು ಹೋದ ಭಾನುವಾರ ಒಳಗೆ ಹೋದೆ. ಅರ್ಧ ಗಂಟೆ ಸುಮ್ನೆ ನಿಂತು ವಾಪಸ್ ಬಂದೆ. ಎಲ್ಲಿ ಕೈ ಹಾಕಬೇಕು ಅಂತಲೇ ತಿಳಿಯಲಿಲ್ಲ.

ಚಾಸಿ ಕಟ್ಟಿಗೆಯ ತುಂಡುಗಳ ಮೇಲೆ ಕೂತಿದೆ. ಎಂಜಿನ್ ಮೇಲೆ ತಾಡಪತ್ರಿ ಹೊದಿಸಿದ್ದೆ, ಇಲಿ ಕಡಿದಿವೆ. ಬ್ಲಾಕಿನ ಮೇಲೆ 692 ಅಂತ ಇದೆ. ಡೀಸೆಲ್ ಪಂಪು, ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ನಾಝಲ್ ಬಿಚ್ಚಿಲ್ಲ. ಬ್ಯಾಟರಿ ಹಾಕಿ ಒಂದು ಸಲ ಸೆಲ್ಫ್ ಹೊಡೆದು ನೋಡಲಾ?

ಇನ್ನೊಂದು ತೊಂದರೆ. ಬಿಚ್ಚಿದ ನಟ್ಟು ಬೋಲ್ಟೆಲ್ಲ ಅಪ್ಪ ಡಾಲ್ಡಾ ಡಬ್ಬಿಗಳಲ್ಲಿ ಹಾಕಿ, ಒಂದೊಂದಕ್ಕೂ ಚೀಟಿ ಅಂಟಿಸಿದ್ದಾರೆ. 11 ಡಬ್ಬಿ ಇವೆ. ಚೀಟಿ ಎಲ್ಲ ಉರ್ದುವಿನಲ್ಲಿ. ಅವರು ಶಾಲೆ ಕಲಿತದ್ದು ಹೈದರಾಬಾದ್ ರಾಜ್ಯ ಇದ್ದಾಗ, ಉರ್ದು ಶಾಲೆಯಲ್ಲಿ. ಲೆಕ್ಕ ಬರೆಯುವುದೂ ಅದರಲ್ಲೇ. ನನಗೆ ಒಂದಕ್ಷರ ಬರುವುದಿಲ್ಲ. ಆಗ ಕೇಳಿದರೆ "ನಾನಿದ್ದೀನಲ್ಲ" ಅಂದಿದ್ದರು.

ಹುಮನಾಬಾದ್_ಪಂಪ್_ಮಿಸ್ತ್ರಿ:

ಮೊದಲ ಮಾತು, ಬ್ಯಾಟರಿ ತರಲೇಬೇಡಿ. ಸೆಲ್ಫ್ ಹೊಡೆಯುವುದು ಕೊನೆಯ ಕೆಲಸ. ಇಷ್ಟು ವರ್ಷ ತಿರುಗದ ಎಂಜಿನ್‌ನಲ್ಲಿ ಪಿಸ್ಟನ್ ರಿಂಗುಗಳು ಲೈನರಿಗೆ, ಅಂದರೆ ಸಿಲಿಂಡರಿನ ಒಳಗೋಡೆಗೆ ಹಿಡಿದುಕೊಂಡಿರುತ್ತವೆ. ಸೆಲ್ಫ್ ಎಳೆದರೆ ರಿಂಗ್ ಮುರಿಯುತ್ತದೆ, ಲೈನರ್ ಗೀರುತ್ತದೆ. ಐದು ನಿಮಿಷದ ಆತುರಕ್ಕೆ ಪೂರಾ ಎಂಜಿನ್ ಇಳಿಸಬೇಕಾಗುತ್ತದೆ.

ಆರೂ ನಾಝಲ್ ಬಿಚ್ಚಿ. ಅರ್ಧ ಡೀಸೆಲ್, ಅರ್ಧ ಎಂಜಿನ್ ಆಯಿಲ್ ಕಲಸಿ ಒಂದೊಂದು ಸಿಲಿಂಡರಿಗೆ ಅರ್ಧ ಚಹಾ ಕಪ್ಪಿನಷ್ಟು ಬಿಡಿ. ನಿಮ್ಮದು ಗ್ಲೋ ಪ್ಲಗ್ ಇರುವ ಹಳೇ ಪ್ರಿ-ಚೇಂಬರ್ ಎಂಜಿನ್ (ಡೀಸೆಲ್ ಮೊದಲು ಪಕ್ಕದ ಸಣ್ಣ ಗೂಡಿನಲ್ಲಿ ಉರಿಯುವಂಥದ್ದು) ಆಗಿದ್ದರೆ ಎಣ್ಣೆ ಸಣ್ಣ ತೂತಿನ ಮೂಲಕ ನಿಧಾನವಾಗಿ ಇಳಿಯುತ್ತದೆ. ಬಿಟ್ಟ ತಕ್ಷಣ ಮೇಲೆ ತುಂಬಿಕೊಂಡರೆ ಗಾಬರಿ ಬೇಡ. ಒಂದು ವಾರ ಹಾಗೇ ಬಿಡಿ, ನಡುವೆ ಒಮ್ಮೆ ಮತ್ತೆ ಸ್ವಲ್ಪ ಹಾಕಿ. ಆಮೇಲೆ ಮುಂದಿನ ಕ್ರ್ಯಾಂಕ್ ಪುಲ್ಲಿ ನಟ್ಟಿಗೆ ದೊಡ್ಡ ಪಾನಾ ಹಾಕಿ, ಹಿಂದೆ ಸ್ವಲ್ಪ, ಮುಂದೆ ಸ್ವಲ್ಪ. ಅಲುಗದಿದ್ದರೆ ಪಾನಾಕ್ಕೆ ಪೈಪ್ ಸಿಕ್ಕಿಸಿ ಎಳೆಯಬೇಡಿ, ಇನ್ನೊಂದು ವಾರ ಬಿಡಿ. ತಿರುಗಿದ ಮೇಲೂ ನಾಝಲ್ ವಾಪಸ್ ಹಾಕುವ ಮುಂಚೆ ಎರಡು ಮೂರು ಸುತ್ತು ತಿರುಗಿಸಿ ಒಳಗಿನ ಎಣ್ಣೆ ಹೊರಗೆ ಬರಲಿ. ಎಣ್ಣೆ ಒಳಗೇ ಉಳಿದರೆ ಪಿಸ್ಟನ್ ಅದನ್ನು ಒತ್ತಲು ಆಗದೆ ಕನೆಕ್ಟಿಂಗ್ ರಾಡ್ ಬಾಗುತ್ತದೆ.

ಎರಡನೇದು ಪಂಪು. ಇದನ್ನು ಯಾರೂ ನೋಡುವುದಿಲ್ಲ. ಪಂಪಿನ ಪಕ್ಕದ ಮುಚ್ಚಳ ತೆಗೆದು, ಡೀಸೆಲ್ ಎಷ್ಟು ಹೋಗಬೇಕು ಅಂತ ನಿಭಾಯಿಸುವ ಸರಳು, ಅಂದರೆ ರ್‍ಯಾಕ್ ಬೆರಳಿನಿಂದ ಸಲೀಸಾಗಿ ಓಡುತ್ತದಾ ನೋಡಿ. ಹಳೇ ಡೀಸೆಲ್ ಒಣಗಿ ಅಂಟಾಗಿ ರ್‍ಯಾಕ್ ಫುಲ್ಲಿನಲ್ಲಿ ಹಿಡಿದುಕೊಂಡಿದ್ದರೆ, ಸ್ಟಾರ್ಟ್ ಆದ ತಕ್ಷಣ ಎಂಜಿನ್ ಕೈ ಮೀರಿ ಓಡುತ್ತದೆ. ನಮ್ಮ ಅಂಗಡಿಯಲ್ಲಿ ಒಮ್ಮೆ ಹಾಗೆ ಆಯಿತು. ಹುಡುಗ ಓಡಿ ಹೋಗಿ ಚಾವಿ ತೆಗೆದ. ಹಳೇ ಡೀಸೆಲ್ ಎಂಜಿನ್ ಚಾವಿಯ ಮಾತು ಎಲ್ಲಿ ಕೇಳುತ್ತದೆ? ಗಾಳಿ ಹೋಗುವ ಬಾಯಿಗೆ ಹಲಗೆ ಒತ್ತಿ ಹಿಡಿದ ಮೇಲೆ ನಿಂತಿತು. ನೀವೂ ಮೊದಲ ಸಲ ಸ್ಟಾರ್ಟ್ ಮಾಡುವಾಗ ಒಂದು ಹಲಗೆ ಹಿಡಿದು ಒಬ್ಬರನ್ನು ಅಲ್ಲಿ ನಿಲ್ಲಿಸಿ. ಕೈ ಅಡ್ಡ ಇಡಬಾರದು, ಎಳೆದುಕೊಳ್ಳುತ್ತದೆ.

692 ಅಂದರೆ 6 ಸಿಲಿಂಡರ್, 92 ಮಿ.ಮೀ. ಬೋರ್ (ಸಿಲಿಂಡರಿನ ಒಳಗಿನ ಅಗಲ). ಸ್ಟ್ರೋಕ್ (ಪಿಸ್ಟನ್ ಓಡುವ ದೂರ) 120, ಒಟ್ಟು 4788 ಸಿಸಿ. ಆಮೇಲಿನ 697ಕ್ಕೆ ಬೋರ್ 97. ಹೆಸರು ಹತ್ತಿರ ಇದೆ ಅಂತ ಅಂಗಡಿಯವರು ಇದರದ್ದು ಅದಕ್ಕೆ ಕೊಟ್ಟು ಕಳಿಸುತ್ತಾರೆ, ಅಳತೆ ನೋಡಿಯೇ ದುಡ್ಡು ಕೊಡಿ. 28 ವರ್ಷ ದುಡಿದ ಗಾಡಿ, ನಡುವೆ ಎಂಜಿನ್ ಬದಲಾಗಿದ್ದರೂ ಆಶ್ಚರ್ಯವಿಲ್ಲ. ಆರ್‌ಸಿ ಬುಕ್ಕಿನ ಎಂಜಿನ್ ನಂಬರಿಗೆ ತಾಳೆ ಹಾಕಿ ನೋಡಿ.

ಕಪನೂರ್_ದಾಲ್:

ನಾನು ಯಾರಿಗೂ ಬೇಕಾಗದ ಮಾತು ಹೇಳುತ್ತೇನೆ, ಬೇಸರ ಮಾಡ್ಕೋಬೇಡಿ ಅಣ್ಣ. ಮಾರಿಬಿಡಿ. ಗುಜರಿಗೆ ಅಲ್ಲ, ಹಳೇ ಗಾಡಿ ಹುಚ್ಚು ಇರುವವರಿಗೆ. ಈಗಷ್ಟೇ ಸಾಲ ತೀರಿದೆ ಅಂತೀರಿ. ಟೈರು, ಬ್ಯಾಟರಿ, ಪಂಪ್ ಕೆಲಸ, ಮರದ ಕೆಲಸ, ಎಲ್ಲ ಸೇರಿದರೆ ಇನ್ನೊಂದು ಸಾಲ. ನಮ್ಮ ಮಾವನವರೂ ಹೀಗೇ ಒಂದು ಜೀಪು ಹಿಡಿದುಕೊಂಡು ಕೂತಿದ್ದರು. ಕೊನೆಗೆ ಜೀಪೂ ಓಡಲಿಲ್ಲ, ಅತ್ತೆ ಮಾತು ಬಿಟ್ಟದ್ದೇ ಬಂತು.

ನೀವು ಕೇಳುವುದಿಲ್ಲ ಅಂತ ಗೊತ್ತು. ಹಾಗಾಗಿ ಒಂದು ಎಚ್ಚರಿಕೆ. ಟೈರು ಡಿಸ್ಕ್ ಹಳೇದು ಹುಡುಕುವಾಗ ಲಾಕ್ ರಿಂಗ್ ಸರಿಯಾಗಿ ನೋಡಿ. ಈ 9.00-20 ಟೈರಿನ ಡಿಸ್ಕಿಗೆ ಪಕ್ಕದಲ್ಲಿ ಬಳೆ ಇರುತ್ತದಲ್ಲ, ತುಕ್ಕು ತಿಂದಿದ್ದರೆ ಅಥವಾ ಬೇರೆ ಡಿಸ್ಕಿನ ಬಳೆ ಕೂರಿಸಿದ್ದರೆ ಗಾಳಿ ತುಂಬುವಾಗ ಸಿಡಿಯುತ್ತದೆ. ಎದುರಿಗೆ ಇದ್ದವನು ಉಳಿಯುವುದಿಲ್ಲ. ಪಂಜರದೊಳಗೆ ಇಟ್ಟು ಗಾಳಿ ತುಂಬುವ ಅಂಗಡಿಗೇ ಹೋಗಿ, ಸರಪಳಿ ಸುತ್ತಿ ತುಂಬುತ್ತೇನೆ ಅನ್ನುವವನ ಹತ್ತಿರ ಬೇಡ.

ಆಳಂದ_ರೋಡ್:

ಬೇಸರ ಇಲ್ಲ. ತಮ್ಮನೂ ಇದನ್ನೇ ಹೇಳುತ್ತಾನೆ, ನಿಮ್ಮಷ್ಟು ನಯವಾಗಿ ಅಲ್ಲ. ತಿಂಗಳಿಗೆ 4000 ರೂಪಾಯಿ, ಅದಕ್ಕಿಂತ ಒಂದು ಪೈಸೆ ಜಾಸ್ತಿ ಇಲ್ಲ ಅಂತ ಅವ್ವನ ಮುಂದೆ ಮಾತು ಕೊಟ್ಟಿದ್ದೇನೆ. ಶೆಡ್ಡಿನ ಅರ್ಧ ಭಾಗ ತೊಗರಿಗೆ ಬಿಟ್ಟುಕೊಟ್ಟೆ. ಚೀಲದ ಮೇಲೆ ಎಣ್ಣೆ ಬಿದ್ದರೆ ಅಂದೇ ಗುಜರಿಯವನಿಗೆ ಫೋನ್ ಅಂತ ಹೇಳಿದ್ದಾಳೆ.

ಕಲ್ಯಾಣದ_ಬಡಿಗ:

ಕ್ಯಾಬಿನ್ ಬಗ್ಗೆ ಹೇಳುತ್ತೇನೆ. ನಾನು ಬಸವಕಲ್ಯಾಣದ ಆಟೋ ನಗರದಲ್ಲಿ ಬಾಡಿ ಕಟ್ಟುವ ಕೆಲಸ ಮಾಡುತ್ತೇನೆ, ನಮ್ಮಪ್ಪನೂ ಅದೇ ಕೆಲಸ.

ಇಂಟರ್‌ನೆಟ್ಟಿನಲ್ಲಿ ಜರ್ಮನಿಯ ಬೆಂಜ್ ಲಾರಿಗಳ ಫೋಟೊ ನೋಡಿ ಆ ಥರ ಮಾಡಿಕೊಡಿ ಅಂತ ಬರುವವರು ಇದ್ದಾರೆ. ನಮ್ಮಲ್ಲಿ ಗಾಡಿ ಹೆಚ್ಚಾಗಿ ಚಾಸಿ ಮತ್ತು ಮೂತಿ ಅಷ್ಟೇ ಬರುತ್ತಿತ್ತು. ಕ್ಯಾಬಿನ್ ಕಟ್ಟುತ್ತಿದ್ದದ್ದು ನಮ್ಮಂಥ ಬಡಿಗರು, ಮರದ ಚೌಕಟ್ಟು, ಅದರ ಮೇಲೆ ತಗಡು. ಹಾಗಾಗಿ ನಿಮ್ಮ ಗಾಡಿಗೆ ಕಂಪನಿಯ ಅಸಲಿ ಕ್ಯಾಬಿನ್ ಅಂತ ಬೇರೆ ಇಲ್ಲ. ಆ ಹೊತ್ತಿನ ಬಡಿಗ ಕಟ್ಟಿದ್ದೇ ಅಸಲಿ. ಇಳಿಸಿಟ್ಟದ್ದನ್ನು ಒಡೆಯಬೇಡಿ. ಮರ ಚಾಕುವಿನ ತುದಿಯಿಂದ ಚುಚ್ಚಿ ನೋಡಿ. ಸಲೀಸಾಗಿ ಒಳಗೆ ಹೋದರೆ ಆ ತುಂಡು ಹೋಗಿದೆ, ತಡೆದರೆ ಇನ್ನೂ ಇದೆ. ಸಾಮಾನ್ಯವಾಗಿ ಕೆಳಗಿನ ಅಡ್ಡಪಟ್ಟಿ ಮತ್ತು ಬಾಗಿಲಿನ ಕಂಬದ ಬುಡ ಕೊಳೆತಿರುತ್ತವೆ, ಮೇಲಿನದು ಗಟ್ಟಿ ಇರುತ್ತದೆ. ಕೊಳೆತ ತುಂಡು ಮಾತ್ರ ಬದಲಿಸಿದರೆ ಸಾಕು. ಹಳೇದನ್ನು ಎಸೆಯದೆ ತನ್ನಿ, ಅದೇ ಅಳತೆ.

ಬಣ್ಣ ಕೆರೆಯುವ ಮುಂಚೆ ಒಳಗೂ ಹೊರಗೂ ಫೋಟೊ ತೆಗೆದಿಡಿ. ಪದರ ಪದರವಾಗಿ ಹಳೇ ಅಕ್ಷರ ಸಿಗುತ್ತವೆ. ಮತ್ತೆ, ಮುಂದಿನ ಜಾಲರಿಯ ಮೇಲೆ ಆ ಮೂರು ಮೂಲೆಯ ನಕ್ಷತ್ರ ಇದೆಯಾ? ಟೆಲ್ಕೊ (ಈಗಿನ ಟಾಟಾ ಮೋಟಾರ್ಸ್‌ನ ಹಳೇ ಹೆಸರು) ಮತ್ತು ಜರ್ಮನಿಯ ಡೈಮ್ಲರ್-ಬೆಂಜ್ ಕೂಡಿ ಶುರು ಮಾಡಿದ್ದು 1954ರಲ್ಲಿ, 1969ಕ್ಕೆ ಅದು ಮುಗಿದು ನಕ್ಷತ್ರ ಹೋಯಿತು. ನಿಮ್ಮದು ಹೆಚ್ಚುಕಡಿಮೆ ಕೊನೆಯ ಹೊತ್ತಿನದು.

ಆಳಂದ_ರೋಡ್:

ನಕ್ಷತ್ರ ಇಲ್ಲ. ಎರಡು ತೂತು ಇವೆ, ಅದರ ಸುತ್ತ ದುಂಡಗೆ ಬಣ್ಣ ಹತ್ತದ ಗುರುತು ಇದೆ. ಅಪ್ಪ ತಗೊಳ್ಳುವಾಗಲೇ ಇರಲಿಲ್ಲ ಅನ್ನಿಸುತ್ತದೆ.

ಕಾಗದಪತ್ರ_ಬೀದರ್:

ಕಾಗದದ ಬಗ್ಗೆ ಯಾರೂ ಹೇಳಲಿಲ್ಲ. 50 ವರ್ಷ ದಾಟಿದ ಗಾಡಿ, ವಿಂಟೇಜ್ ನಂಬರ್ ಸಿಗುತ್ತದೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. 2021ರ ಜುಲೈನಲ್ಲಿ ಬಂದ ಆ ನಿಯಮ ಬೈಕು ಮತ್ತು ಸ್ವಂತ ಬಳಕೆಯ ಕಾರುಗಳಿಗೆ ಮಾತ್ರ. ಸರಕು ಸಾಗಿಸುವ ಲಾರಿ ಅದರಲ್ಲಿ ಬರುವುದಿಲ್ಲ. 20,000 ರೂಪಾಯಿ ಕಟ್ಟಿಸಿ ವಿಂಟೇಜ್ ಪ್ಲೇಟ್ ಮಾಡಿಸಿಕೊಡುತ್ತೇನೆ ಅಂತ ಯಾವನಾದರೂ ಏಜೆಂಟ್ ಬಂದರೆ ನೀರು ಕೊಟ್ಟು ಕಳಿಸಿ.

ಫಿಟ್‌ನೆಸ್ ಸರ್ಟಿಫಿಕೇಟ್ ಇಲ್ಲದ ಲಾರಿಯ ಆರ್‌ಸಿ ಇದ್ದೂ ಇಲ್ಲದ ಹಾಗೆ. ರೋಡಿಗೆ ಇಳಿಸುವುದಾದರೆ ಅದು ಬೇಕೇ ಬೇಕು. 1996ರಲ್ಲಿ ನಿಲ್ಲಿಸುವಾಗ ನಿಮ್ಮ ತಂದೆ ಕಾಗದ ಆರ್‌ಟಿಒಗೆ ಒಪ್ಪಿಸಿದ್ದರಾ? ಇಲ್ಲದಿದ್ದರೆ ಟ್ಯಾಕ್ಸ್ ಬಾಕಿ ಎಷ್ಟು ನಿಂತಿದೆ ಅಂತ ಮೊದಲು ಕೇಳಿ. ಹೆಸರು ಇನ್ನೂ ಅವರದ್ದೇ ಇದ್ದರೆ ವಾರಸುದಾರರ ಹೆಸರಿಗೆ ಮಾಡಿಸಲು ಫಾರ್ಮ್ 31. ಮೂರು ತಿಂಗಳೊಳಗೆ ಕೊಡಬೇಕಿತ್ತು, ತಡವಾಗಿದೆ, ದಂಡ ಬೀಳುತ್ತದೆ. ತಮ್ಮ, ತಂಗಿ, ಅವ್ವನ ಒಪ್ಪಿಗೆ ಬರೆಸಿಕೊಳ್ಳಿ. ಹೊಲದಲ್ಲಿ ಸ್ಟಾರ್ಟ್ ಮಾಡಿ ನೋಡಲು ಯಾರ ಕಾಗದವೂ ಬೇಡ ಬಿಡಿ.

ಆಳಂದ_ರೋಡ್:

12 ದಿನ ಆಯ್ತು. ನಾಝಲ್ ಐದು ಬಂದವು. ಆರನೇದಕ್ಕೆ ಎರಡು ದಿನ ಎಣ್ಣೆ ಬಿಟ್ಟು, ಕಾಯಿಸಿ, ಬಡಿದು ತೆಗೆದೆ. ಎಣ್ಣೆ ಹೇಳಿದ ಹಾಗೆಯೇ ನಿಧಾನ ಇಳಿಯಿತು. ಎಂಟನೇ ದಿನ ಪಾನಾ ಹಾಕಿದರೆ ಅಲುಗಲಿಲ್ಲ. ಪೈಪ್ ಪಕ್ಕದಲ್ಲೇ ಇತ್ತು, ಮುಟ್ಟಲಿಲ್ಲ. ನಿನ್ನೆ ಸಂಜೆ ಟಕ್ ಅಂತ ಒಂದು ಸದ್ದು ಬಂದು ಪುಲ್ಲಿ ನಾಲ್ಕು ಬೆರಳಿನಷ್ಟು ತಿರುಗಿತು. ಹಿಂದೆ ತಿರುಗಿಸಿದೆ, ಬಂತು. ತಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದ, ಏನೂ ಅನ್ನಲಿಲ್ಲ. ಆಮೇಲೆ ತಾನಾಗಿಯೇ ಬಂದು ಟಾರ್ಚ್ ಹಿಡಿದ.

ಪಂಪಿನ ರ್‍ಯಾಕ್ ಹಿಡಿದಿದೆ. ಫುಲ್ಲಿನಲ್ಲೇ. ಮಿಸ್ತ್ರಿಯವರೇ, ಅವತ್ತು ಸೆಲ್ಫ್ ಹೊಡೆದಿದ್ದರೆ ಏನಾಗುತ್ತಿತ್ತು ಅಂತ ಯೋಚಿಸಿದರೆ ಬೆವರುತ್ತದೆ. ಪಂಪ್ ಬಿಚ್ಚಿ ನಿಮ್ಮ ಹತ್ತಿರವೇ ತರುತ್ತೇನೆ.

ಡಬ್ಬಿಗಳ ಫೋಟೊ ಹಾಕಿದ್ದೇನೆ. ಉರ್ದು ಬರುವವರು ದಯವಿಟ್ಟು ಓದಿ ಹೇಳಿ.

ನಿವೃತ್ತ_ಉಸ್ತಾದ್:

ತಮ್ಮಾ, ನಾನು ಕಲಬುರಗಿಯಲ್ಲಿ ಉರ್ದು ಶಾಲೆಯ ಮಾಸ್ತರ್ ಆಗಿದ್ದೆ. ನಿಮ್ಮ ತಂದೆಯ ಅಕ್ಷರ ಚೆನ್ನಾಗಿದೆ, ಚೀಟಿಗಳು ಎಣ್ಣೆ ಹೀರಿದ್ದರೂ ಓದಲು ಬರುತ್ತದೆ. ಫೋಟೊದ ಸಾಲಿನ ಪ್ರಕಾರ ಹೇಳುತ್ತೇನೆ.

ಮೊದಲನೇದು ರೇಡಿಯೇಟರ್. ಎರಡು, ಮೂರು ಮಡ್‌ಗಾರ್ಡ್, ಎಡ ಮತ್ತು ಬಲ. ನಾಲ್ಕು ಬಾನೆಟ್. ಐದು ಕ್ಯಾಬಿನ್ ಮುಂದಿನದು, ಆರು ಕ್ಯಾಬಿನ್ ಹಿಂದಿನದು. ಏಳರ ಮೇಲೆ ಡೀಸೆಲ್ ಟ್ಯಾಂಕ್ ಪಟ್ಟಿ ಅಂತ ಬರೆದು, ಕೆಳಗೆ "ಚೂಡಿ ಖರಾಬ್, ನಯಾ ಲಾನಾ" ಅಂತ ಇದೆ. ಥ್ರೆಡ್ ಹೋಗಿದೆ, ಹೊಸದು ತಾ ಅಂತ. ಎಂಟು ಸೀಟು. ಒಂಬತ್ತರಲ್ಲಿ "ಪತಾ ನಹೀ", ಅಂದರೆ ಅವರಿಗೂ ಗೊತ್ತಿಲ್ಲ. ಹತ್ತು ಸೈಲೆನ್ಸರ್.

ಹನ್ನೊಂದನೇ ಡಬ್ಬಿಯ ಚೀಟಿ ಬೇರೆ ಪೆನ್ನಿನಲ್ಲಿ ಇದೆ, ಅಕ್ಷರ ಸ್ವಲ್ಪ ನಡುಗಿದೆ. ಆಮೇಲೆ ಬರೆದದ್ದು ಅನ್ನಿಸುತ್ತದೆ. "ಪಹಿಯೋಂ ಕೆ ನಟ್. ಟೈರ್ ಬಿಕ್ ಗಯೇ. ಸಂಭಾಲ್ ಕೆ ರಖ್‌ನಾ." ಚಕ್ರದ ನಟ್ಟುಗಳು. ಟೈರು ಮಾರಿ ಹೋದವು. ಜೋಪಾನವಾಗಿ ಇಡು.

ಆಳಂದ_ರೋಡ್:

ಉಸ್ತಾದ್, ನಿಮಗೆ ಹೇಗೆ ಥ್ಯಾಂಕ್ಸ್ ಹೇಳಬೇಕೋ ಗೊತ್ತಾಗುತ್ತಿಲ್ಲ.

ಆ ನಟ್ಟುಗಳನ್ನು ನಾನು ಗೋಣಿಚೀಲದಲ್ಲಿ ಸುತ್ತಿ ಜಗಲಿಯ ಮೂಲೆಯಲ್ಲಿ, ಜೋಳದ ಚೀಲದ ಹಿಂದೆ ಇಟ್ಟಿದ್ದೆ. ಡಬ್ಬಿಗೆ ಹಾಕಿದ್ದು ನಾನಲ್ಲ.

ಈಗ ತಾನೆ ಹೊರಗೆ ತೆಗೆದು ಡೀಸೆಲ್ಲಿನಲ್ಲಿ ತೊಳೆದು ಎಣಿಸಿದೆ. ಎರಡು ಕಡಿಮೆ ಇವೆ. ಹುಮನಾಬಾದ್ ಕಡೆ ಯಾರ ಹತ್ತಿರವಾದರೂ ಹಳೇ ಬೆಂಜ್ ವ್ಹೀಲ್ ನಟ್ಟು ಸಿಗುತ್ತವಾ?