ಸಕ್ಕರೆ ಆನೆಯ ಸೊಂಡಿಲು ಅಚ್ಚಿನಲ್ಲೇ ಉಳಿಯುತ್ತಿದೆ, ಏನು ಮಾಡಲಿ?

ಪ್ರಶ್ನೆ (ಕಲಬುರಗಿಯಿಂದ):
ಮಗನಿಗೆ ಬೀದರಿನಲ್ಲಿ ಹೆಣ್ಣು ಗೊತ್ತಾಗಿದೆ. ಗೌರಿ ಹುಣ್ಣಿಮೆಗೆ ಅವಳ ಮನೆಗೆ ಸಕ್ಕರೆ ಆರತಿ, ಅಂದರೆ ಅಚ್ಚಿನಲ್ಲಿ ಹೊಯ್ದ ಸಕ್ಕರೆ ಗೊಂಬೆಗಳನ್ನು ಕಳಿಸಬೇಕು. ಗೊಂಬೆ ಹೊಯ್ಯುವ ಕೆಲಸ ನನ್ನ ಹೆಂಡತಿಯದಾಗಿತ್ತು. ಈಗ ಅವಳಿಲ್ಲ, ಅವಳ ಸಾಗವಾನಿ ಅಚ್ಚುಗಳಿವೆ. ನಿನ್ನೆ ಎರಡು ಕಿಲೋ ಸಕ್ಕರೆ ಹಾಳು ಮಾಡಿದೆ. ತೇರು, ತುಳಸಿ ವೃಂದಾವನ ಹೇಗೋ ಬಂದವು. ಆನೆ ಮಾತ್ರ ಮೂರು ಸಲವೂ ಸೊಂಡಿಲನ್ನು ಅಚ್ಚಿನಲ್ಲೇ ಬಿಟ್ಟು ಹೊರಬಂತು. ಜೋಡಿ ಗಿಳಿಗಳು ಬೆಲ್ಲದ ಬಣ್ಣಕ್ಕೆ ತಿರುಗಿ ಬೆರಳಿಗೆ ಅಂಟುತ್ತಿವೆ. ಪಾಕ ತಿಳಿಯಾಗಲೆಂದು ಮೂರು ನಿಂಬೆಹಣ್ಣು ಹಿಂಡಿದ್ದೆ. ಆನೆಯ ಅಚ್ಚಿನ ಬೆನ್ನಿಗೆ ಅವಳು ಮೊಳೆಯಿಂದ 'ಮೊದಲು' ಎಂದು ಗೀಚಿದ್ದಾಳೆ, ಅದೂ ಏಕೋ ತಿಳಿಯುತ್ತಿಲ್ಲ. ಪೇಟೆಯಲ್ಲಿ ಸಿಗುತ್ತವೆ ಎಂದು ತಂಗಿ ದಿನಕ್ಕೆ ನಾಲ್ಕು ಸಲ ಹೇಳುತ್ತಾಳೆ. ಸಿಗುತ್ತವೆ, ನನಗೂ ಗೊತ್ತು.

ಆಳಂದದಿಂದ:
ಅಣ್ಣ, ಗಿಳಿಗಳನ್ನು ಕೆಡಿಸಿದ್ದು ನಿಂಬೆಹಣ್ಣು. ಹುಳಿ ಹೆಚ್ಚಾದರೆ ಸಕ್ಕರೆ ಒಡೆದು ಗ್ಲೂಕೋಸ್, ಫ್ರಕ್ಟೋಸ್ ಆಗುತ್ತದೆ, ಆಮೇಲೆ ಸರಿಯಾಗಿ ಹರಳುಗಟ್ಟುವುದಿಲ್ಲ. ಕೊಳೆ ತೆಗೆಯಲು ಎರಡು ಚಮಚ ಹಾಲು ಸಾಕು. ಅಚ್ಚನ್ನು ಎಷ್ಟು ಹೊತ್ತು ನೆನೆಸಿದ್ದಿರಿ?

ಪ್ರಶ್ನೆ ಕೇಳಿದವರು:
ನೆನೆಸಬೇಕೆ? ಹಾಳಾದೀತೆಂದು ಒರೆಸಿ ಬಿಸಿಲಿಗೆ ಇಟ್ಟಿದ್ದೆ.

ಆಳಂದದಿಂದ:
ಅಯ್ಯೋ ಅಣ್ಣ! ರಾತ್ರಿಯಿಡೀ ನೀರಿನಲ್ಲಿ ಮುಳುಗಿಸಿಡಿ. ಒಣ ಕಟ್ಟಿಗೆ ಪಾಕ ಹೀರುತ್ತದೆ, ಸೊಂಡಿಲನ್ನು ಬಿಟ್ಟುಕೊಡುವುದಾದರೂ ಹೇಗೆ? ಬೆಳಿಗ್ಗೆ ನೀರು ಝಾಡಿಸಿ, ಅಚ್ಚನ್ನು ದಾರದಿಂದ ಬಿಗಿದು ಕಟ್ಟಿ. ಪಾಕ ಇಳಿಸಿದ ಮೇಲೆ ಸೌಟಿನಿಂದ ಪಾತ್ರೆಯ ಬದಿಗೆ ತಿಕ್ಕುತ್ತಿರಿ. ತಿಕ್ಕಿದಲ್ಲಿ ಹಾಲಿನಂತೆ ಬೆಳ್ಳಗಾದ ಕೂಡಲೇ ಹೊಯ್ಯಬೇಕು, ತಡಮಾಡಿದರೆ ಪಾತ್ರೆಯಲ್ಲೇ ಗಟ್ಟಿಯಾಗುತ್ತದೆ. ಅತ್ತಿಗೆಯವರು ಬರೆದ 'ಮೊದಲು' ಅದಕ್ಕೇ ಇರಬೇಕು. ಪಾಕ ತೆಳ್ಳಗಿರುವಾಗಲೇ ಆನೆಗೆ ಹೊಯ್ದರೆ ಸೊಂಡಿಲ ತುದಿಯವರೆಗೆ ಇಳಿಯುತ್ತದೆ. ತೇರಿನಂಥ ದಪ್ಪನೆಯವು ಕೊನೆಗೆ.

ಬೀದರಿನಿಂದ:
ನಾನು ನಿಮ್ಮ ಸೊಸೆಯ ಊರಿನವಳು. ಗೊಂಬೆಗಳನ್ನು ಚುರುಮುರಿಯಲ್ಲಿ ಹೂತು ಡಬ್ಬಿ ತುಂಬಿ, ಹುಮನಾಬಾದ್ ಮೇಲಿನ ರೈಲಿನಲ್ಲಿ ತನ್ನಿ. 2017ರಿಂದ ಆ ಮಾರ್ಗ ಇದೆ, ಬಸ್ಸಿನ ಕುಲುಕಾಟ ಇಲ್ಲ. ಫ್ರಿಜ್ಜಿನಲ್ಲಿ ಮಾತ್ರ ಇಡಬೇಡಿ, ತೇವ ಹಿಡಿಯುತ್ತವೆ. ನನಗೆ ಗಂಡನ ಮನೆಯಿಂದ ಬಂದ ಸಕ್ಕರೆ ಕುದುರೆಗೆ ಮೂರೇ ಕಾಲಿತ್ತು. ಇಪ್ಪತ್ತು ವರ್ಷವಾದರೂ ಜಗಳ ಬಂದಾಗಲೆಲ್ಲ ಆ ಕುದುರೆಯನ್ನು ಎಳೆದು ತರುತ್ತೇನೆ.

ಪ್ರಶ್ನೆ ಕೇಳಿದವರು:
ಆನೆ ಬಂತು, ಸೊಂಡಿಲು ಸಮೇತ. ಎರಡನೆಯದರ ಕಿವಿ ಹೋಯಿತು. ಅದನ್ನು ತಂಗಿಯ ಚಹಾಕ್ಕೆ ಹಾಕಿದೆ.