ಲಿನಕ್ಸ್ ಮಿಂಟ್ ಹಾಕಿದ ಮೇಲೆ ನುಡಿ ಫೈಲ್‌ ಓದೋಕಾಗ್ತಿಲ್ಲ, ಡಿ ಡ್ರೈವ್‌ನಲ್ಲಿ ಸೇವ್ ಆಗ್ತಿಲ್ಲ

ಬೆಣ್ಣೆನಗರಿ:
ನಮಸ್ಕಾರ. ದಾವಣಗೆರೆಯಲ್ಲಿ ನಮ್ಮದೊಂದು ಟೈಪಿಂಗ್ ಅಂಗಡಿ ಇದೆ. ಅರ್ಜಿ, ಬಾಡಿಗೆ ಕರಾರು, ಲಗ್ನಪತ್ರಿಕೆ, ಹೀಗೆ ದಿನವಿಡೀ ಕನ್ನಡದ್ದೇ ಕೆಲಸ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಸಪೋರ್ಟ್ ಮುಗಿಯಿತು. ಈ ಹಳೇ ಲ್ಯಾಪ್‌ಟಾಪ್‌ನಲ್ಲಿ ಟಿಪಿಎಂ 2.0 (ವಿಂಡೋಸ್ 11 ಕೇಳುವ ಭದ್ರತಾ ವ್ಯವಸ್ಥೆ) ಇಲ್ಲ, ವಿಂಡೋಸ್ 11 ಹಾಕೋಕಾಗಲ್ಲ. ಅದಕ್ಕೇ ವಿಂಡೋಸ್ ಜೊತೆಗೇ ಲಿನಕ್ಸ್ ಮಿಂಟ್ ಅನ್ನುವ ಇನ್ನೊಂದು ಆಪರೇಟಿಂಗ್ ಸಿಸ್ಟಮ್ ಹಾಕಿಸಿದೆ.

ಈಗ ನುಡಿಯಲ್ಲಿ (ಕನ್ನಡ ಟೈಪಿಂಗ್ ಸಾಫ್ಟ್‌ವೇರ್) ಟೈಪ್ ಮಾಡಿದ ಫೈಲ್ ತೆರೆದರೆ ಕನ್ನಡವೇ ಇಲ್ಲ. ಇಂಗ್ಲಿಷ್ ಅಕ್ಷರ, ಅದರ ತಲೆ ಮೇಲೆ ಗೆರೆ, ಚುಕ್ಕಿ. ಡಿ ಡ್ರೈವ್ ತೆರೆಯುತ್ತದೆ, ಆದರೆ ಒಂದಕ್ಷರ ತಿದ್ದಿ ಸೇವ್ ಮಾಡಲು ಬಿಡುವುದಿಲ್ಲ, ‘ರೀಡ್ ಓನ್ಲಿ’ ಅನ್ನುತ್ತದೆ. ಕಣ್ಣು ಮುಚ್ಚಿ ಮಾಡುತ್ತಿದ್ದ ಕೆಲಸಕ್ಕೂ ಈಗ ಮೆನು ಹುಡುಕಬೇಕು. ಗಿರಾಕಿ ಎದುರಿಗೇ ನಿಂತಿರುತ್ತಾರೆ, ಕೈ ಓಡುವುದಿಲ್ಲ. ತುಂಬಾ ಬೇಜಾರಾಗಿದೆ. ಫೈಲ್ ಹಾಳಾದವಾ?

ದುರ್ಗದ ಗಣಕ:
ಸರ್, ಒಂದೂ ಹಾಳಾಗಿಲ್ಲ. ಧೈರ್ಯವಾಗಿರಿ.

ಮೊದಲು ಡಿ ಡ್ರೈವ್. ವಿಂಡೋಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ ಶಟ್ ಡೌನ್ ಕೊಟ್ಟರೂ ಅದು ಪೂರ್ತಿ ಆಫ್ ಆಗುವುದಿಲ್ಲ. ಡ್ರೈವನ್ನು ಅರ್ಧ ಹಿಡಿದುಕೊಂಡೇ ಇರುತ್ತದೆ. ಆಗ ಲಿನಕ್ಸ್ ಅದರಲ್ಲಿ ಬರೆಯಲು ಹೋಗುವುದಿಲ್ಲ. ನಿಮ್ಮ ಡೇಟಾ ಉಳಿಯಲಿ ಅಂತಲೇ ಈ ತಡೆ. ವಿಂಡೋಸ್‌ಗೆ ಹೋಗಿ, ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್‌ನ ಟಿಕ್ ತೆಗೆಯಿರಿ. ಶಟ್ ಡೌನ್ ಮಾಡಿ ಮಿಂಟ್‌ಗೆ ಬನ್ನಿ. ಲಿನಕ್ಸ್‌ನಿಂದಲೇ ಡ್ರೈವನ್ನು ಬಲವಂತವಾಗಿ ಮೌಂಟ್ ಮಾಡುವ (ಅಂದರೆ ಬಳಕೆಗೆ ತೆರೆಯುವ) ಸಲಹೆ ಅಲ್ಲಲ್ಲಿ ಸಿಗುತ್ತದೆ, ದಯವಿಟ್ಟು ಮಾಡಬೇಡಿ.

ಇನ್ನು ನುಡಿ. ಹಳೇ ನುಡಿ ಫೈಲ್‌ನೊಳಗೆ ನಿಜವಾಗಿ ಇರುವುದು ಇಂಗ್ಲಿಷ್ ಅಕ್ಷರಗಳ ಸಂಕೇತವೇ. ಅದನ್ನು ಕನ್ನಡವಾಗಿ ತೋರಿಸುವುದು ನುಡಿ ಫಾಂಟ್. ಮಿಂಟ್‌ನಲ್ಲಿ ಆ ಫಾಂಟ್ ಇಲ್ಲ, ಅಷ್ಟೇ. ವಿಂಡೋಸ್‌ನ ಫಾಂಟ್ಸ್ ಫೋಲ್ಡರ್‌ನಿಂದ ನುಡಿ ಫಾಂಟ್‌ಗಳನ್ನು ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ. ಮಿಂಟ್‌ನಲ್ಲಿ ಒಂದೊಂದರ ಮೇಲೂ ಡಬಲ್ ಕ್ಲಿಕ್ ಮಾಡಿ ಇನ್‌ಸ್ಟಾಲ್ ಒತ್ತಿ. ಫೈಲ್ ತೆರೆಯುವ ಲಿಬ್ರೆಆಫೀಸ್ ಮುಚ್ಚಿ ತೆರೆಯಿರಿ.

ಹೊಸ ಕೆಲಸ ಮಾತ್ರ ಯೂನಿಕೋಡ್‌ನಲ್ಲೇ (ಕನ್ನಡ ಅಕ್ಷರಕ್ಕೆ ಅದರದೇ ಸಂಕೇತ ಇರುವ ಪದ್ಧತಿ) ಮಾಡಿ. ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲಿ ಕನ್ನಡ ಟೈಪಿಂಗ್‌ಗೆ ಬೇಕಾದ ‘ಐಬಸ್ ಎಂ17ಎನ್’ (ibus-m17n) ಹುಡುಕಿ ಹಾಕಿ. ಇನ್‌ಪುಟ್ ಮೆಥಡ್‌ನಲ್ಲಿ ಐಬಸ್ ಆರಿಸಿ, ಲಾಗ್ ಔಟ್ ಆಗಿ ಬನ್ನಿ. ಐಬಸ್ ಪ್ರಿಫರೆನ್ಸಸ್‌ನಲ್ಲಿ ಕನ್ನಡ ‘ಕೆಜಿಪಿ’ ಸೇರಿಸಿ. ನುಡಿಯದೇ ಕೀಲಿಮಣೆ ಅದು, ಕೆ.ಪಿ. ರಾವ್ ಅವರ ವಿನ್ಯಾಸದ ಮೇಲೆ ನಿಂತದ್ದು. ಒತ್ತಕ್ಷರಕ್ಕೆ ಅದೇ ‘ಎಫ್’. ಬೆರಳು ಹೊಸದಾಗಿ ಕಲಿಯಬೇಕಿಲ್ಲ.

ಬೆಣ್ಣೆನಗರಿ:
ಅಣ್ಣಾ, ತುಂಬಾ ಥ್ಯಾಂಕ್ಸ್. ಡಿ ಡ್ರೈವ್‌ನಲ್ಲಿ ಸೇವ್ ಆಗುತ್ತಿದೆ. ಫಾಂಟ್ ಹಾಕಿದ ತಕ್ಷಣ ಹಳೇ ಕರಾರುಪತ್ರ ಸಾಲುಸಾಲಾಗಿ ಕನ್ನಡದಲ್ಲಿ ಬಂತು. ನೋಡಿ ಜೀವ ಬಂದ ಹಾಗಾಯಿತು. ಟೈಪಿಂಗೂ ಸರಿಯಾಗಿದೆ. ಹಳೇ ಫೈಲ್‌ಗಳನ್ನೆಲ್ಲ ಯೂನಿಕೋಡ್‌ಗೆ ಬದಲಾಯಿಸಲೇಬೇಕಾ?

ದುರ್ಗದ ಗಣಕ:
ಎಲ್ಲ ಬೇಡ ಸರ್. ಮತ್ತೆ ಮತ್ತೆ ಬೇಕಾಗುವ ನಮೂನೆಗಳನ್ನಷ್ಟೇ ಮಾಡಿ. ನುಡಿಯನ್ನು ಯೂನಿಕೋಡ್ ಮಾಡುವ ಪರಿವರ್ತಕಕ್ಕೆ ಹಾಕಿದ ಮೇಲೆ ಅರ್ಕಾವತ್ತು ಬರುವ ಪದಗಳನ್ನು ನೋಡಿ: ಅರ್ಜಿ, ವರ್ಷ, ಪೂರ್ವ. ನುಡಿಯ ಹಳೇ ಫಾಂಟ್‌ನಲ್ಲಿ ಅರ್ಕಾವತ್ತು ಅಕ್ಷರದ ನಂತರ ಕೂತಿರುತ್ತದೆ, ಯೂನಿಕೋಡ್‌ನಲ್ಲಿ ‘ರ್’ ಮೊದಲು ಬರಬೇಕು. ಅಲ್ಲೇ ಎಡವುವುದು ಜಾಸ್ತಿ. ನಡುವೆ ಇಂಗ್ಲಿಷ್ ಹೆಸರಿದ್ದರೆ ಅದನ್ನೂ ನುಡಿ ಅಂದುಕೊಂಡು ಅರ್ಥವಿಲ್ಲದ ಕನ್ನಡ ಮಾಡಿಬಿಡುತ್ತದೆ. ಕರಾರುಪತ್ರದಲ್ಲಿ ಅದು ಅಪಾಯ, ಅಲ್ವಾ? ಮೂಲ ಫೈಲ್ ಪಕ್ಕಕ್ಕಿಟ್ಟುಕೊಂಡು ಒಂದ್ಸಲ ಓದಿಯೇ ಪ್ರಿಂಟ್ ಕೊಡಿ. ಲಗ್ನಪತ್ರಿಕೆ ಪ್ರೆಸ್‌ಗೆ ಕಳಿಸುವಾಗ ಪಿಡಿಎಫ್ ಮಾಡಿ ಕಳಿಸಿ. ಫಾಂಟ್ ಅದರೊಳಗೇ ಇರುತ್ತದೆ, ಅವರ ಕಡೆ ಯಾವ ಕಂಪ್ಯೂಟರ್ ಇದ್ದರೂ ಅಕ್ಷರ ಕದಲುವುದಿಲ್ಲ.